ಹೊಸಬರೊಡನೆ ದೂರದ ಸೈಕಲ್ ಪ್ರವಾಸ: ಸಿದ್ಧತೆ ಹೇಗಿರಬೇಕು?

“ದೇಶ ಸುತ್ತಬೇಕು, ಕೋಶ ಓದಬೇಕು” ಎಂಬುದು ನಮ್ಮ ಹಿರಿಯರ ಮಾತು. ಶಾಲೆಯಲ್ಲಿ ಕೋಶ ಓದುವ ಕೆಲಸವು ವರ್ಷವಿಡೀ ನಡೆದೇ ಇರುತ್ತದೆ. ದೇಶ ಸುತ್ತುವುದಕ್ಕೆ ಮಾತ್ರ ಬಸ್ಸು ಗೊತ್ತುಮಾಡಬೇಕು, ಹಣ ಕೂಡಿಸಬೇಕು ಎಂದು ತಿಳಿದಿದ್ದೇವೆ. ಆದರೆ ಬಸ್ಸಿನಲ್ಲಿ ತೂಕಡಿಸುತ್ತ ಹೋಗಿ ಬರುವುದಕ್ಕಿಂತ, ಮನೆಯಲ್ಲಿರುವ ಸೈಕಲ್ಲನ್ನೇ ಏರಿ ನಾಲ್ಕೈದು ದಿನ ಸುತ್ತಿ ಬಂದರೆ ಕಲಿಯುವುದು ಹೆಚ್ಚು. ಊರು, ಹಳ್ಳ, ಬೆಳೆ, ಜನ ಇವೆಲ್ಲ ಕಣ್ಣಿಗೆ ಬೀಳುವುದು ನಿಧಾನವಾಗಿ ಹೋದಾಗಲೇ.

ಇಂಥ ಪ್ರವಾಸದ ಮಾತೆತ್ತಿದೊಡನೆ ಪಾಲಕರಿಗೆ ಅಂಜಿಕೆಯಾಗುವುದು ಸಹಜ. “ರಸ್ತೆ ತುಂಬ ಲಾರಿಗಳು. ನಮ್ಮ ಹುಡುಗ ಊರಿನ ವೇಶಿ ದಾಟಿ ಸೈಕಲ್ ಹೊಡೆದವನಲ್ಲ” ಎಂದು ಅವರು ಹೇಳಿದರೆ ಅದರಲ್ಲಿ ತಪ್ಪೇನಿಲ್ಲ. ಈ ಅಂಜಿಕೆಯು ಬಾಯಿಮಾತಿನ ಧೈರ್ಯದಿಂದ ಹೋಗದು. ಎಲ್ಲಿ ಇಳಿಯುವುದು, ಎಷ್ಟು ಹೊತ್ತಿಗೆ ಮುಟ್ಟುವುದು, ಒಬ್ಬನಿಗೆ ಆಗದಿದ್ದರೆ ಏನು ಮಾಡುವುದು ಎಂಬುದನ್ನು ಕಾಗದದ ಮೇಲೆ ಬರೆದು ಅವರ ಮುಂದಿಡಬೇಕು. ಅಂಥ ಯೋಜನೆಯನ್ನು ಮಾಡುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗಾಗಿ ನಮ್ಮ ಮುರುಮದಿಂದ ಬಸವಕಲ್ಯಾಣಕ್ಕೆ ಹೋಗಿ ಬರುವ ದಾರಿಯನ್ನೇ ತೆಗೆದುಕೊಳ್ಳೋಣ.

ಹಿರಿಯರು ಹಾಕಿಕೊಟ್ಟ ಪದ್ಧತಿ

ದೂರದ ದಾರಿಯನ್ನು ಹೊಸಬರೊಡನೆ ಕ್ರಮಿಸುವ ವಿದ್ಯೆ ನಮ್ಮ ಭಾಗಕ್ಕೆ ಹೊಸದಲ್ಲ. ಸೀಗಿ ಹುಣ್ಣಿಮೆಯ ಸುಮಾರಿಗೆ ಕಲಬುರಗಿ, ಬೀದರ ಕಡೆಯ ಭಕ್ತರು ಉಮರ್ಗಾ, ನಳದುರ್ಗದ ಮೇಲೆ ಹಾಯ್ದು ತುಳಜಾಪುರಕ್ಕೆ ನಡೆದು ಹೋಗುವುದನ್ನು ನೀವೆಲ್ಲ ನೋಡಿರುತ್ತೀರಿ. ಆಷಾಢ ಏಕಾದಶಿಗೆಂದು ಆಳಂದಿಯಿಂದ ಪಂಢರಪುರಕ್ಕೆ ಹೊರಡುವ ಪಾಲಖಿಯು ಸುಮಾರು 250 ಕಿ.ಮೀ. ದಾರಿಯನ್ನು ಹೆಚ್ಚು ಕಡಿಮೆ ಮೂರು ವಾರಗಳಲ್ಲಿ ಮುಗಿಸುತ್ತದೆ. ಲೆಕ್ಕ ಹಾಕಿದರೆ ದಿನಕ್ಕೆ ಹನ್ನೆರಡು ಹದಿಮೂರು ಕಿ.ಮೀ. ಮಾತ್ರ. ಗಟ್ಟಿ ಕಾಲಿನ ತರುಣನು ಇದರ ಎರಡು ಪಟ್ಟು ನಡೆದಾನು. ಆದರೂ ವಾರಕರಿಗಳು ಅವಸರ ಮಾಡುವುದಿಲ್ಲ. ಪ್ರತಿದಿನದ ವಿಸಾಂತಿ, ಊಟ, ರಾತ್ರಿಯ ಮುಕ್ಕಾಮು ಎಲ್ಲವೂ ಹೊರಡುವ ಮೊದಲೇ ಗೊತ್ತಾಗಿರುತ್ತವೆ. ಆದ್ದರಿಂದಲೇ ಎಪ್ಪತ್ತು ವರ್ಷದ ಅಜ್ಜಿಯೂ, ಮೊದಲ ಸಲ ಹೊರಟ ಹುಡುಗನೂ ಒಂದೇ ದಿಂಡಿಯಲ್ಲಿ ಪಂಢರಪುರ ಮುಟ್ಟುತ್ತಾರೆ.

ಇದರಲ್ಲಿ ಒಂದು ಮುಖ್ಯ ತತ್ತ್ವವಿದೆ. ತಂಡದ ಯೋಜನೆಯನ್ನು ಬಲ್ಲವರನ್ನು ನೋಡಿ ಮಾಡಬಾರದು, ಹೊಸಬರನ್ನು ನೋಡಿ ಮಾಡಬೇಕು. ಎಲ್ಲರಿಗಿಂತ ನಿಧಾನವಾಗಿ ಹೋಗುವವನ ವೇಗವೇ ತಂಡದ ವೇಗ. ಮುಂದೆ ಹೇಳುವ ನಿಯಮಗಳೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದವು.

ಮುಕ್ಕಾಮು ಮತ್ತು ವೇಳೆಯ ಲೆಕ್ಕ

ಮುರುಮದಿಂದ ಉಮರ್ಗಾ ಸುಮಾರು ಇಪ್ಪತ್ತು ಕಿ.ಮೀ., ಅಲ್ಲಿಂದ ಬಸವಕಲ್ಯಾಣವು ನಲವತ್ತಕ್ಕಿಂತ ತುಸು ಹೆಚ್ಚು. ಬಲ್ಲವರು ಒಂದೇ ದಿನದಲ್ಲಿ ಹೋದಾರು. ಹೊಸಬರಿಗೆ ಎರಡು ದಿನ ಬೇಕು. ಮೊದಲ ದಿನ ಉಮರ್ಗಾ ಮುಟ್ಟಿ ಅಲ್ಲಿಯೇ ಮುಕ್ಕಾಮು ಮಾಡಬೇಕು. “ಇಷ್ಟೇನಾ?” ಎಂದು ಹುಡುಗರು ಕೇಳುತ್ತಾರೆ. ಮೊದಲ ದಿನ ಹೀಗೆ ಸಣ್ಣದಾಗಿದ್ದರೇ ಚೆಂದ. ಯಾರ ಸೀಟು ಎತ್ತರವಾಗಿದೆ, ಯಾರ ಚೈನು ಕಳಚುತ್ತದೆ, ಯಾರ ಗಂಟು ಭಾರವಾಗಿದೆ ಎಂಬುದೆಲ್ಲ ಆ ದಿನವೇ ತಿಳಿಯುತ್ತದೆ. ದುರಸ್ತಿಗೆ ತಾಲೂಕಿನ ಊರಿನಲ್ಲಿ ಅಂಗಡಿಗಳೂ ಸಿಗುತ್ತವೆ.

ಎರಡನೆಯ ದಿನದ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಲಿ. ದಾರಿ 45 ಕಿ.ಮೀ. ಎಂದು ಹಿಡಿಯೋಣ. ನಿಧಾನದ ಸವಾರನು ಗಂಟೆಗೆ 10 ಕಿ.ಮೀ. ಹೋದರೆ ಸೈಕಲ್ ಹೊಡೆಯುವುದಕ್ಕೇ ನಾಲ್ಕೂವರೆ ತಾಸು. ತಾಸಿಗೊಮ್ಮೆ ಹತ್ತು ನಿಮಿಷದಂತೆ ನಾಲ್ಕು ಸಲ ವಿಶ್ರಾಂತಿ ಎಂದರೆ 40 ನಿಮಿಷ. ಬುತ್ತಿ ಬಿಚ್ಚಿ ಉಣ್ಣಲು 45 ನಿಮಿಷ. ಪಂಕ್ಚರು ಮೊದಲಾದುವಕ್ಕೆ ಅರ್ಧ ತಾಸು. ಒಟ್ಟು 6 ತಾಸು 25 ನಿಮಿಷ. ಮುಂಜಾನೆ 7ಕ್ಕೆ ಹೊರಟರೆ ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಮುಟ್ಟುತ್ತೇವೆ. ಎರಡು ತಾಸು ತಡವಾದರೂ ಇನ್ನೂ ಬೆಳಕಿರುತ್ತದೆ. ಈ ಉಳಿಕೆಯ ಬೆಳಕೇ ಯೋಜನೆಯ ಜೀವಾಳ. ಕತ್ತಲಾದ ಮೇಲೆ ಹೊಸಬರು ರಸ್ತೆಯ ಮೇಲಿರಕೂಡದು. ಮೂರನೆಯ ದಿನ ಬಸವಕಲ್ಯಾಣದಲ್ಲಿ ನಿಂತು, ನಾಲ್ಕು ಮತ್ತು ಐದನೆಯ ದಿನ ಅದೇ ದಾರಿಯಿಂದ ಮರಳಬಹುದು.

ಋತು, ಗಾಳಿ, ಬಿಸಿಲು

ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಸಿಕ್ಕಿಕೊಂಡು ಸೈಕಲ್ಲನ್ನು ಹೊತ್ತು ನಡೆಯುವ ಪ್ರಸಂಗ ಬರುತ್ತದೆ. ಬೇಸಿಗೆಯ ಬಿಸಿಲಂತೂ ಮಕ್ಕಳಿಗೆ ಅಪಾಯಕಾರಿ. ದೀಪಾವಳಿಯಿಂದ ಸಂಕ್ರಮಣದವರೆಗಿನ ಕಾಲವೇ ಯೋಗ್ಯ. ಆದರೆ ಆ ಕಾಲಕ್ಕೆ ಎರಡು ತೊಡಕುಗಳಿವೆ. ಚಳಿಗಾಲದಲ್ಲಿ ನಮ್ಮಲ್ಲಿ ಗಾಳಿಯು ಹೆಚ್ಚಾಗಿ ಮೂಡಣ ದಿಕ್ಕಿನಿಂದ ಬೀಸುತ್ತದೆ. ಕಲ್ಯಾಣದ ದಾರಿಯೂ ಮೂಡಣಕ್ಕೇ ಹೋಗುವುದರಿಂದ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ. ಎದುರುಗಾಳಿಯಿದ್ದರೆ ಗಂಟೆಗೆ ಹತ್ತು ಕಿ.ಮೀ. ಹೋಗುವವನು ಎಂಟೇ ಹೋದಾನು.

ಎರಡನೆಯದು ಇನ್ನೂ ಮುಖ್ಯ. ಹೊತ್ತು ಮೂಡಿದ ಹೊಸದರಲ್ಲಿ ಮೂಡಣಕ್ಕೆ ಹೋಗುವಾಗ ಎಳೆಬಿಸಿಲು ನಮ್ಮ ಕಣ್ಣಿಗೆ ಹೊಡೆಯುತ್ತದೆ. ನಮ್ಮ ಹಿಂದಿನಿಂದ ಬರುವ ಲಾರಿಯ ಚಾಲಕನ ಕಣ್ಣಿಗೂ ಹೊಡೆಯುತ್ತದೆ. ಆಗ ಅವನಿಗೆ ಸೈಕಲ್ಲು ಕಾಣುವುದು ಕಷ್ಟ. ಆದ್ದರಿಂದ ಎರಡನೆಯ ದಿನ ಸೂರ್ಯನು ತುಸು ಮೇಲೇರಿದ ನಂತರವೇ ಹೆದ್ದಾರಿಯನ್ನು ಏರಬೇಕು. ಚಳಿಗಾಲವು ಕಬ್ಬಿನ ಹಂಗಾಮೂ ಹೌದು. ಎರಡೆರಡು ಟ್ರಾಲಿ ಕಟ್ಟಿಕೊಂಡು ಓಲಾಡುತ್ತ ಬರುವ ಟ್ರ್ಯಾಕ್ಟರನ್ನು ಕಂಡರೆ ರಸ್ತೆ ಬಿಟ್ಟು ಇಳಿದು ನಿಲ್ಲಬೇಕು. ಅದರ ಪಕ್ಕದಲ್ಲಿ ನುಸುಳಿ ಮುಂದೆ ಹೋಗಬಾರದು.

ಸಾಲು ಮತ್ತು ಅಂತರ

ಉಮರ್ಗಾದಿಂದ ಮುಂದಿನದು ಪುಣೆ–ಹೈದರಾಬಾದ ಹೆದ್ದಾರಿ. ಹಿಂದೆ 9ನೆಯ ನಂಬರಿನದೆಂದು ಕರೆಯುತ್ತಿದ್ದರು, ಈಗ 65. ತುರೋರಿ, ತಲಮೋಡ ದಾಟಿ ಕರ್ನಾಟಕದ ಚಂಡಕಾಪುರ, ಅಲ್ಲಿಂದ ಸಸ್ತಾಪುರ ಬಂಗಲೆಯ ಹತ್ತಿರ ಎಡಕ್ಕೆ ಹೊರಳಿದರೆ ಬಸವಕಲ್ಯಾಣ. ಈ ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಎಡಬದಿಯ ಅಂಚಿನಲ್ಲಿಯೇ ಹೋಗಬೇಕು. ಜೋಡಿಯಾಗಿ ಮಾತಾಡುತ್ತ ಹೋಗುವುದು ಸಲ್ಲದು.

ಗಂಟೆಗೆ 15 ಕಿ.ಮೀ. ವೇಗವೆಂದರೆ ಒಂದು ಸೆಕೆಂಡಿಗೆ ನಾಲ್ಕು ಮೀಟರಿಗಿಂತ ಹೆಚ್ಚು. ಮುಂದಿನವನು ಬ್ರೇಕು ಒತ್ತಿದ್ದನ್ನು ಕಂಡು ನಾವು ಒತ್ತುವಷ್ಟರಲ್ಲಿ ಒಂದು ಸೆಕೆಂಡು ಹೋಗಿಬಿಡುತ್ತದೆ. ಅದಕ್ಕಾಗಿ ಇಬ್ಬರ ನಡುವೆ ಕನಿಷ್ಠ ಮೂರು ಸೈಕಲ್ಲಿನ ಉದ್ದದಷ್ಟು ಅಂತರ ಬೇಕು. ಹನ್ನೆರಡಕ್ಕಿಂತ ಹೆಚ್ಚು ಜನರಿದ್ದರೆ ಎರಡು ತಂಡ ಮಾಡಿ, ನಡುವೆ ದೊಡ್ಡ ಜಾಗ ಬಿಡಬೇಕು.

ಸಾಲಿನ ಮುಂದೆ ದಾರಿ ಬಲ್ಲ ಒಬ್ಬರು, ಕೊನೆಯಲ್ಲಿ ಎಲ್ಲರಿಗಿಂತ ಅನುಭವಿಯಾದ ಶಿಕ್ಷಕರು. ಮುಂದಾಳುವನ್ನು ಯಾರೂ ದಾಟಬಾರದು, ಹಿಂದಾಳುವಿನ ಹಿಂದೆ ಯಾರೂ ಉಳಿಯಬಾರದು. ಮುಂದಾಳುವಿನ ಬೆನ್ನಿಗೇ ಅತಿ ಹೊಸಬನನ್ನು ಇಟ್ಟರೆ ವೇಗವು ತಾನಾಗಿ ಅಳತೆಯಲ್ಲಿರುತ್ತದೆ. ಪಂಪು, ಪಾನಾ, ಸೊಲ್ಯೂಶನ್, ಪಟ್ಟಿ, ಔಷಧಿಯ ಡಬ್ಬಿ ಇವೆಲ್ಲ ಹಿಂದಾಳುವಿನ ಹತ್ತಿರವೇ ಇರಬೇಕು. ಕೆಟ್ಟ ಸೈಕಲ್ಲು ಯಾವಾಗಲೂ ಹಿಂದೆ ಉಳಿಯುತ್ತದೆ. ಪಂಪು ಎರಡು ಕಿ.ಮೀ. ಮುಂದೆ ಹೋಗಿದ್ದರೆ ಏನು ಪ್ರಯೋಜನ?

ವಿಶ್ರಾಂತಿಯ ವಿಷಯದಲ್ಲಿ ಎಲ್ಲೆಡೆಯೂ ಆಗುವ ಒಂದು ಅನ್ಯಾಯವಿದೆ. ಗಟ್ಟಿಗರು ಮೊದಲು ಬಂದು ಗಿಡದ ನೆರಳಿನಲ್ಲಿ ಇಪ್ಪತ್ತು ನಿಮಿಷ ಕೂಡುತ್ತಾರೆ. ದಣಿದವನು ಏದುತ್ತ ಬಂದು ಮುಟ್ಟಿದೊಡನೆ “ನಡೀರಿ, ಎಲ್ಲಾರೂ ಬಂದ್ರು” ಎಂದು ಎದ್ದುಬಿಡುತ್ತಾರೆ. ಹೀಗಾಗಿ ವಿಶ್ರಾಂತಿ ಬೇಕಾದವನಿಗೇ ಅದು ಸಿಗುವುದಿಲ್ಲ. ಆದುದರಿಂದ ಹತ್ತು ನಿಮಿಷದ ಎಣಿಕೆಯು ಕೊನೆಯವನು ಇಳಿದು ನೀರು ಕುಡಿದ ಮೇಲೆ ಆರಂಭವಾಗಬೇಕು.

ಮೂರು ವಾರಗಳ ಅಭ್ಯಾಸ

ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಬಾರದು. ಹೊರಡುವ ಮುಂಚಿನ ಮೂರು ರವಿವಾರಗಳಂದು ಕ್ರಮವಾಗಿ 10, 20, 30 ಕಿ.ಮೀ. ಹೋಗಿ ಬರಬೇಕು. ಕೊನೆಯ ಸಲ ಗಂಟು ಕಟ್ಟಿಕೊಂಡೇ ಹೋಗಬೇಕು, ಏಕೆಂದರೆ ಭಾರವಿದ್ದಾಗ ಸೈಕಲ್ಲು ಹೊರಳುವ ರೀತಿಯೇ ಬೇರೆ. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟರೆ ಮೊಣಕಾಲು ನೆಟ್ಟಗಾಗಬೇಕು. ಅದೇ ಸರಿಯಾದ ಎತ್ತರ. ಎರಡೂ ಬ್ರೇಕು ಹಿಡಿಯಬೇಕು, ಟಯರು ಸವೆದಿರಬಾರದು. ಜಾಲಿಮುಳ್ಳು ನಮ್ಮ ಸೀಮೆಯಲ್ಲಿ ತಪ್ಪಿದ್ದಲ್ಲ. ಆದ್ದರಿಂದ ಪಂಕ್ಚರು ತಿದ್ದುವುದನ್ನು ಹುಡುಗಿಯರೂ ಸೇರಿ ಎಲ್ಲರೂ ಕಲಿತಿರಬೇಕು. ತಲೆಗೆ ಹೆಲ್ಮೆಟ್ಟು, ಹಿಂದಿನ ಮಡ್‌ಗಾರ್ಡಿಗೆ ಹೊಳೆಯುವ ಕೆಂಪು ಪಟ್ಟಿ ಅವಶ್ಯ.

ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ, ಉಳ್ಳಾಗಡ್ಡಿ ಇದ್ದರೆ ಸಾಕು. ಕೆಡುವುದಿಲ್ಲ, ಬಲ ಕೊಡುತ್ತದೆ. ನೀರನ್ನು ಬಾಯಾರುವ ಮೊದಲೇ ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು.

ಪಾಲಕರ ಸಭೆ

ಹೊರಡುವ ಮೊದಲು ಪಾಲಕರ ಸಭೆ ಕರೆದು ಯೋಜನೆಯನ್ನು ಓದಿ ಹೇಳಬೇಕು. ದಮ್ಮು, ಫಿಟ್ಸು ಮೊದಲಾದ ತೊಂದರೆಗಳಿದ್ದರೆ ಪಾಲಕರು ಮುಚ್ಚಿಡದೆ ತಿಳಿಸಬೇಕು. ಹುಡುಗಿಯರು ಬರುವುದಾದರೆ ಶಿಕ್ಷಕಿಯರೂ ಜೊತೆಗಿರಬೇಕು. ಶೌಚದ ಅನುಕೂಲವಿರುವ ಕಡೆಗೇ ವಿಶ್ರಾಂತಿಯನ್ನು ಗೊತ್ತುಮಾಡಬೇಕು. ಪ್ರತಿ ಸಂಜೆ ಮುಕ್ಕಾಮು ಮುಟ್ಟಿದ ಸುದ್ದಿಯನ್ನು ಶಾಲೆಗೆ ಫೋನು ಮಾಡಿ ತಿಳಿಸಬೇಕು. ಅಪಘಾತವಾದರೆ 108ಕ್ಕೆ ಕರೆ ಮಾಡಬೇಕೆಂಬುದು ಪ್ರತಿಯೊಬ್ಬ ಹುಡುಗನಿಗೂ ಬಾಯಿಪಾಠವಿರಬೇಕು. ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲಿಯೂ ಅಂಬ್ಯುಲೆನ್ಸಿಗೆ ಅದೇ ನಂಬರು.

ಮರಳಿ ಬರುವುದು ಸೋಲಲ್ಲ

ಯಾವ ಪರಿಸ್ಥಿತಿಯಲ್ಲಿ ಪ್ರವಾಸವನ್ನು ನಿಲ್ಲಿಸಬೇಕೆಂಬುದನ್ನೂ ಮೊದಲೇ ಬರೆದಿಡಬೇಕು. ಒಬ್ಬನಿಗೆ ಜ್ವರ ಬಂದರೆ, ಮಧ್ಯಾಹ್ನ ಮೂರಾದರೂ ಅರ್ಧ ದಾರಿ ಉಳಿದಿದ್ದರೆ, ಅಕಾಲದ ಮಳೆ ಹಿಡಿದರೆ ಅಲ್ಲಿಯೇ ನಿಲ್ಲಬೇಕು. ದಾರಿಯಲ್ಲಿ ಉತ್ಸಾಹದ ಭರದಲ್ಲಿ ಈ ನಿರ್ಣಯ ಮಾಡಹೋದರೆ ತಪ್ಪಾಗುತ್ತದೆ.

ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದ ನಾರ್ವೆ ದೇಶದ ಅಮುಂಡ್ಸೆನ್ನನ ಹೆಸರನ್ನು ಭೂಗೋಲದಲ್ಲಿ ಓದಿದ್ದೀರಿ. ಅವನು 1911ರ ಸಪ್ಟೆಂಬರದಲ್ಲಿ ಒಮ್ಮೆ ಹೊರಟಿದ್ದನು. ಚಳಿಯು ಸಹಿಸಲಾಗದಷ್ಟು ಹೆಚ್ಚಾದಾಗ ಮರಳಿ ಬಂದನು. ಅಕ್ಟೋಬರದಲ್ಲಿ ಮತ್ತೆ ಹೊರಟು, ದಾರಿಯಲ್ಲಿ ಮೊದಲೇ ಕೂಡಿಸಿಟ್ಟಿದ್ದ ಆಹಾರದ ಆಸರೆಯಿಂದ ಡಿಸೆಂಬರ 14ರಂದು ಧ್ರುವ ಮುಟ್ಟಿದನು. ಅದೇ ಕಾಲಕ್ಕೆ ಇಂಗ್ಲೆಂಡಿನ ಸ್ಕಾಟನು ಹಿಮದ ಮೇಲೆ ಓಡುವ ಮೂರು ಮೋಟಾರು ಗಾಡಿಗಳನ್ನು ಒಯ್ದಿದ್ದನು. ಒಂದು ಹಡಗಿನಿಂದ ಇಳಿಸುವಾಗಲೇ ಹಿಮ ಒಡೆದು ಸಮುದ್ರದ ಪಾಲಾಯಿತು, ಉಳಿದೆರಡು ಆರಂಭದಲ್ಲಿಯೇ ಕೆಟ್ಟು ನಿಂತವು.

ನಮ್ಮ ದೇಶದ ಉದಾಹರಣೆಯೂ ಉಂಟು. 1923ರಲ್ಲಿ ಮುಂಬಯಿಯ ಆರು ಜನ ಪಾರಸಿ ತರುಣರು ಸೈಕಲ್ಲಿನ ಮೇಲೆ ಜಗತ್ತನ್ನು ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಮ, ಜಾಲ ಬಾಪಾಸೋಲಾ, ರುಸ್ತುಮ ಭೂಮಗರಾ ಎಂಬ ಮೂವರು ಸುಮಾರು 71,000 ಕಿ.ಮೀ. ಕ್ರಮಿಸಿ 1928ರಲ್ಲಿ ಮರಳಿದರು. ಅರ್ಧ ಜನ ದಾರಿಯಲ್ಲಿ ಬಿಟ್ಟುಕೊಟ್ಟರೆಂದು ಆ ಸಾಹಸದ ಬೆಲೆಯೇನೂ ಕಡಿಮೆಯಾಗಲಿಲ್ಲ.

ವಿದ್ಯಾರ್ಥಿ ಮಿತ್ರರೇ, “ಸರ್, ನನ್ನಿಂದ ಆಗೂದಿಲ್ಲ, ಸ್ವಲ್ಪ ನಿಲ್ಲೋಣ” ಎಂದು ಹೇಳಲು ನಾಚಬೇಡಿರಿ. ಹಾಗೆ ಹೇಳಿದವನನ್ನು ನೋಡಿ ನಗಬೇಡಿರಿ. ದಣಿವನ್ನು ಮುಚ್ಚಿಟ್ಟುಕೊಂಡು ಹೋಗುವವನ ಕೈ ಹೆದ್ದಾರಿಯ ಮೇಲೆ ಯಾವಾಗ ಸಡಿಲಾದೀತೆಂದು ಹೇಳಲಾಗದು. ಹೊಸಬನು ನಿಸ್ಸಂಕೋಚವಾಗಿ ಬಾಯಿಬಿಡುವ ತಂಡದಲ್ಲಿ ಮಾತ್ರ ಪಾಲಕರು ಧೈರ್ಯದಿಂದ ಮಕ್ಕಳನ್ನು ಕಳಿಸಬಹುದು.

ಗಡಿಯ ಈಚೆಗಿರುವ ನಮ್ಮ ಮಕ್ಕಳಿಗೆ ಕಲ್ಯಾಣವೆಂಬುದು ಪುಸ್ತಕದ ಒಂದು ಪಾಠ. ಚಾಲುಕ್ಯರ ರಾಜಧಾನಿಯಾಗಿದ್ದ, ಬಸವಾದಿ ಶರಣರು ಬಾಳಿದ ಆ ಊರು ನಮ್ಮಿಂದ ಎರಡು ದಿನದ ಸೈಕಲ್ ದಾರಿಯಷ್ಟೇ ದೂರದಲ್ಲಿದೆ. ಅಲ್ಲಿಯ ಕೋಟೆಯನ್ನು, ನಾರಾಯಣಪುರದ ಹಳೆಯ ಶಿವಾಲಯವನ್ನು ಕಂಡು, ಕನ್ನಡದ ಬೋರ್ಡುಗಳನ್ನು ಓದುತ್ತ ತಿರುಗಾಡಿ, ಎಲ್ಲರೂ ಕೂಡಿ ಕ್ಷೇಮವಾಗಿ ಮರಳಿ ಬನ್ನಿರಿ. ಕೊನೆಯ ಸೈಕಲ್ಲು ಶಾಲೆಯ ಅಂಗಳಕ್ಕೆ ಬಂದು ನಿಂತಾಗಲೇ ಪ್ರವಾಸವು ಮುಗಿಯಿತೆಂದು ತಿಳಿಯಬೇಕು.