ನಿಮ್ಮ ಮನೆತನದ ಆರೋಗ್ಯ ಚರಿತ್ರೆ ಬರೆದಿಟ್ಟಿದ್ದೀರಾ?

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ 32 ವರ್ಷದ ಯುವಕನೊಬ್ಬನನ್ನು ಊಹಿಸಿಕೊಳ್ಳಿ. ಊರು ದೂರ, ವಾಸ ಬಾಡಿಗೆ ಕೋಣೆಯಲ್ಲಿ. ತಪಾಸಣೆಯ ದಿನ ವೈದ್ಯರು ಕೇಳುತ್ತಾರೆ: "ನಿಮ್ಮ ಮನೆಯಲ್ಲಿ ಯಾರಿಗಾದರೂ ಹೃದ್ರೋಗ ಇತ್ತೇನಪ್ಪಾ?" ಆತ ಹೇಳುತ್ತಾನೆ: "ನಮ್ಮಪ್ಪ ನಾನು ಚಿಕ್ಕವನಿದ್ದಾಗಲೇ ಹೋದ್ರು, ಏನಾಗಿತ್ತೋ ಗೊತ್ತಿಲ್ಲ ಸಾರ್." ಅದೇ ಪ್ರಶ್ನೆಯನ್ನು ಊರಿನಲ್ಲಿರುವ ಅಜ್ಜಿಗೆ ಕೇಳಿದ್ದರೆ, "ನಲವತ್ತಾರಕ್ಕೇ ಹೊಲದಲ್ಲಿ ಎದೆ ಹಿಡ್ಕೊಂಡು ಕೂತೋನು ಮೇಲೇಳಲಿಲ್ಲ ಕಣಪ್ಪ" ಎಂದು ಉತ್ತರ ಬರುತ್ತಿತ್ತು. ವೈದ್ಯರಿಗೆ ಬೇಕಾಗಿದ್ದುದು ಆ ಒಂದು ಮಾತು. ತಂದೆಗೆ ಅಥವಾ ಒಡಹುಟ್ಟಿದ ಅಣ್ಣ-ತಮ್ಮಂದಿರಿಗೆ 55 ವರ್ಷಕ್ಕೆ ಮೊದಲು, ತಾಯಿಗೆ ಅಥವಾ ಅಕ್ಕ-ತಂಗಿಯರಿಗೆ 65ಕ್ಕೆ ಮೊದಲು ಹೃದಯಾಘಾತವಾಗಿದ್ದರೆ ಉಳಿದವರು ಹೆಚ್ಚು ಎಚ್ಚರ ವಹಿಸಬೇಕು ಎಂಬುದು ವೈದ್ಯಶಾಸ್ತ್ರದ ನಿಯಮ.

ಹಿಂದೆ ಮೂರು ತಲೆಮಾರಿನವರು ಒಂದೇ ಸೂರಿನಡಿ ಇರುತ್ತಿದ್ದರು. ಯಾರಿಗೆ ಏನಾಯಿತೆಂಬುದು ಎಲ್ಲರಿಗೂ ತಿಳಿಯುತ್ತಿತ್ತು. ಹೊಲಗಳಿದ್ದ ಬಿಡದಿಯಲ್ಲಿ ಇಂದು ಕಾರ್ಖಾನೆಗಳಿವೆ. ಅಲ್ಲಿಗೆ ನಾನಾ ಜಿಲ್ಲೆಗಳಿಂದ ಮಕ್ಕಳು ದುಡಿಮೆಗೆ ಬಂದಿದ್ದಾರೆ. ಮನೆತನದ ನೆನಪು ಮಾತ್ರ ಹಿರಿಯರೊಂದಿಗೆ ಊರಿನಲ್ಲೇ ಉಳಿದಿದೆ.

ನಮ್ಮ ನಾಡಿಗೆ ವಂಶಾವಳಿ ಹೊಸದಲ್ಲ. ಎತ್ತಿನ ಮೇಲೆ ಕುಳಿತು ಮನೆಮನೆಗೆ ಬಂದು, ಹಿರೀಕರ ಹೆಸರುಗಳನ್ನು ಹೇಳಿ ದವಸ ಪಡೆದು ಹೋಗುತ್ತಿದ್ದ ಹೆಳವರನ್ನು ಹಿರಿಯರು ಕಂಡಿರುತ್ತಾರೆ. ಹೆಳವರ ಹೊತ್ತಿಗೆಯಲ್ಲಿ ಯಾರ ಮಗ ಯಾರು ಎಂಬುದು ಸಿಗುತ್ತದೆ. ಯಾರು ಯಾವ ಕಾಯಿಲೆಯಿಂದ ತೀರಿಕೊಂಡರು ಎಂಬುದನ್ನು ಮಾತ್ರ ನಾವೇ ಬರೆದುಕೊಳ್ಳಬೇಕು.

ಹಂದಿಗೋಡು ಕಲಿಸಿದ ಪಾಠ

ವಂಶವೃಕ್ಷದಿಂದ ರೋಗದ ಮೂಲ ತಿಳಿದ ನಿದರ್ಶನ ನಮ್ಮ ರಾಜ್ಯದಲ್ಲೇ ಇದೆ. 1970ರ ದಶಕದ ಮಧ್ಯಭಾಗದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಜನ ಸೊಂಟ, ಮಂಡಿ ನೋವಿನಿಂದ ನಡೆಯಲಾರದೆ ನರಳುತ್ತಿರುವುದು ಬೆಳಕಿಗೆ ಬಂತು. ಕೆಲವರ ಬೆಳವಣಿಗೆಯೇ ಕುಂಠಿತವಾಗಿತ್ತು. ಕೀಟನಾಶಕ ಸೇರಿದ ಗದ್ದೆಯ ಏಡಿ ತಿಂದದ್ದೇ ಕಾರಣವಿರಬಹುದೆಂದು ಮೊದಲು ಶಂಕಿಸಲಾಯಿತು. ಮುಂದೆ ವಿಜ್ಞಾನಿಗಳು ರೋಗಿಗಳ ವಂಶವೃಕ್ಷ ಬರೆದು ನೋಡಿದಾಗ, ಅದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಇಳಿದುಬರುವ ಮೂಳೆ-ಕೀಲುಗಳ ಆನುವಂಶಿಕ ರೋಗವೆಂದು ತಿಳಿಯಿತು. ಇಂಥ ರೋಗದಲ್ಲಿ ಹೆತ್ತವರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧದಷ್ಟು.

ಸಂಬಂಧದಲ್ಲಿ ಮದುವೆ

ಇನ್ನು ಕೆಲವು ರೋಗಗಳು ಗುಪ್ತವಾಗಿರುತ್ತವೆ. ಗಂಡ-ಹೆಂಡತಿ ಇಬ್ಬರೂ ಆರೋಗ್ಯವಾಗಿದ್ದು, ಇಬ್ಬರಲ್ಲೂ ಒಂದೇ ದೋಷಯುಕ್ತ ವಂಶವಾಹಿ ಅಡಗಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ತಲಸ್ಸೇಮಿಯ ಎಂಬ ರಕ್ತದ ಕಾಯಿಲೆ, ಕೆಲವು ಬಗೆಯ ಹುಟ್ಟು ಕಿವುಡುತನ ಹೀಗೆ ಬರುತ್ತವೆ.

ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ, ಸೋದರತ್ತೆಯ ಮಗಳನ್ನು ತರುವ ರೂಢಿ ನಮ್ಮಲ್ಲಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಗಳಲ್ಲಿ ಶೇಕಡಾ 27ರಷ್ಟು ರಕ್ತಸಂಬಂಧದಲ್ಲಿ ನಡೆದವು ಎಂದು ಕಂಡುಬಂತು. ಮಾವ-ಸೊಸೆಯರ ನಡುವೆ ವಂಶವಾಹಿಗಳಲ್ಲಿ ನಾಲ್ಕನೆಯ ಒಂದು ಭಾಗ, ಅತ್ತೆ-ಮಾವನ ಮಕ್ಕಳ ನಡುವೆ ಎಂಟನೆಯ ಒಂದು ಭಾಗ ಸಮಾನವಾಗಿರುತ್ತದೆ. ಹೀಗಾಗಿ ಅಡಗಿದ ದೋಷ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಸಂಬಂಧದಲ್ಲಿ ಮದುವೆಯಾದವರೆಲ್ಲ ಹೆದರಬೇಕಾಗಿಲ್ಲ. ಹೆಚ್ಚಿನವರ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ಮನೆತನದಲ್ಲಿ ಎಳೆಯ ಮಕ್ಕಳ ಸಾವು, ಬುದ್ಧಿಮಾಂದ್ಯ, ಹುಟ್ಟು ಕಿವುಡು ಕಂಡಿದ್ದರೆ ಮದುವೆಗೆ ಅಥವಾ ಬಸಿರಿಗೆ ಮುನ್ನ ತಜ್ಞರನ್ನು ಕಾಣಿ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳಲ್ಲಿ ಇಂಥ ಸಲಹೆ ದೊರೆಯುತ್ತದೆ.

ಬರೆಯುವುದು ಹೇಗೆ?

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಹಾಕಿ. ಮೇಲಿನ ಸಾಲಿನಲ್ಲಿ ಎರಡೂ ಕಡೆಯ ಅಜ್ಜ-ಅಜ್ಜಿಯರು, ಅದರ ಕೆಳಗೆ ತಂದೆ-ತಾಯಿ ಮತ್ತು ಅವರ ಒಡಹುಟ್ಟಿದವರು, ಕೊನೆಗೆ ನೀವು ಹಾಗೂ ನಿಮ್ಮ ಸೋದರ ಸಂಬಂಧಿಗಳು. ಕಾಯಿಲೆ ಇದ್ದವರ ಗುರುತಿಗೆ ಮಸಿ ತುಂಬಿ. ರಕ್ತಸಂಬಂಧದ ಮದುವೆಗೆ ಜೋಡಿಗೆರೆ ಎಳೆಯಿರಿ. ಪ್ರತಿಯೊಬ್ಬರ ಹೆಸರಿನ ಪಕ್ಕ ಕಾಯಿಲೆ ಯಾವುದು, ಯಾವ ವಯಸ್ಸಿಗೆ ಬಂತು, ತೀರಿಕೊಂಡಿದ್ದರೆ ಎಷ್ಟನೇ ವಯಸ್ಸಿನಲ್ಲಿ, ಯಾವ ಕಾರಣಕ್ಕೆ ಎಂದು ಬರೆಯಿರಿ. ಬೀಡಿ, ಹೆಂಡದ ಅಭ್ಯಾಸವನ್ನೂ ಸೇರಿಸಿ. ತಾಯಿಯ ಕಡೆಯಷ್ಟೇ ತಂದೆಯ ಕಡೆಯೂ ಮುಖ್ಯ; ಸ್ತನ ಕ್ಯಾನ್ಸರಿನ ಒಲವು ತಂದೆಯ ಕಡೆಯಿಂದಲೂ ಬರಬಹುದು.

ಹಿರಿಯರು ರೋಗದ ಹೆಸರು ಹೇಳುವುದಿಲ್ಲ, ನಡೆದದ್ದನ್ನು ಹೇಳುತ್ತಾರೆ. "ಲಕ್ವ ಹೊಡೆಯಿತು" ಎಂದರೆ ಪಾರ್ಶ್ವವಾಯು. "ಕಾಲು ಕೊಳೆತು ಕತ್ತರಿಸಿದರು" ಎಂದರೆ ಸಕ್ಕರೆ ಕಾಯಿಲೆ ಇದ್ದಿರಬಹುದು. "ಗಾಳಿ ಸೋಕಿ ಬೀಳುತ್ತಿದ್ದಳು" ಎಂದರೆ ಮೂರ್ಛೆರೋಗವಿದ್ದೀತು. ಅವರ ಮಾತನ್ನು ಹಾಗೆಯೇ ಬರೆದುಕೊಳ್ಳಿ, ಅರ್ಥವನ್ನು ವೈದ್ಯರು ಹೇಳಲಿ. ಹುಟ್ಟಿದೊಡನೆ ತೀರಿಕೊಂಡ ಮಕ್ಕಳನ್ನು ಬಿಡಬೇಡಿ. ಅಜ್ಜಿಯ ಬಳಿ ಈ ವಿಷಯ ಕೇಳುವಾಗ ಆತುರ ಬೇಡ; ಅವರಿಗೆ ಅದು ಇನ್ನೂ ಮಾಯದ ಗಾಯ.

ಕೆಲವು ಎಚ್ಚರಿಕೆಗಳು

ಈ ಹಾಳೆ ಹಣೆಬರಹವಲ್ಲ. ತಂದೆಗೆ ಸಕ್ಕರೆ ಕಾಯಿಲೆ ಇದ್ದರೆ ಮಗನಿಗೆ ಬಂದೇ ತೀರುತ್ತದೆ ಎಂದಲ್ಲ. ಆತ ಬೇಗ ತಪಾಸಣೆ ಆರಂಭಿಸಬೇಕು, ತೂಕ ಹತೋಟಿಯಲ್ಲಿಡಬೇಕು, ಬೀಡಿ-ಸಿಗರೇಟು ಬಿಡಬೇಕು ಎಂದಷ್ಟೇ ಅರ್ಥ. 30 ತುಂಬಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಉಚಿತ. ಮನೆತನದಲ್ಲಿ ಕಾಯಿಲೆ ಇದ್ದವರು ಅದಕ್ಕೂ ಮೊದಲೇ ಪರೀಕ್ಷಿಸಿಕೊಳ್ಳುವುದು ಒಳಿತು.

ಈ ಹಾಳೆಯನ್ನು ಸೊಸೆಯನ್ನು ಹಳಿಯಲು ಬಳಸಬೇಡಿ. ಮಗುವಿನ ಕಾಯಿಲೆಗೆ ತಾಯಿಯೊಬ್ಬಳೇ ಕಾರಣವೆನ್ನುವುದು ಬಹುಪಾಲು ಸುಳ್ಳು, ಯಾವಾಗಲೂ ಅನ್ಯಾಯ. ಒಡಹುಟ್ಟಿದವರಿಗೆ, ದೊಡ್ಡಪ್ಪ-ಚಿಕ್ಕಪ್ಪಂದಿರ ಹಾಗೂ ಸೋದರಮಾವಂದಿರ ಮಕ್ಕಳಿಗೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ತಪ್ಪದೆ ಒಂದೊಂದು ಪ್ರತಿ ಕೊಡಿ. ನಿಮ್ಮ ವೈದ್ಯರಿಗೂ ತೋರಿಸಿ. ಊರೆಲ್ಲ ಹಂಚುವ ಅಗತ್ಯವಿಲ್ಲ. ಬದುಕಿರುವವರ ಕಾಯಿಲೆಯನ್ನು ಬರೆಯುವ ಮುನ್ನ ಅವರ ಒಪ್ಪಿಗೆ ಕೇಳಿ.

ಪಿತೃಪಕ್ಷದಲ್ಲಿ ಎಡೆ ಇಟ್ಟು ಹಿರಿಯರ ಹೆಸರು ಹೇಳುತ್ತೇವೆ. ಈ ಬಾರಿ ಊರಿಗೆ ಹೋದಾಗ ಒಂದೊಂದು ಹೆಸರಿನ ಮುಂದೆ ಅವರು ಹೇಗೆ ಹೋದರು ಎಂಬುದನ್ನೂ ಕೇಳಿ ಬರೆದುಕೊಳ್ಳಿ. ಹೇಳಬಲ್ಲ ಅಜ್ಜಿ ಇದ್ದಾಗಲೇ ಈ ಕೆಲಸ ಆಗಬೇಕು.