ಡಿಮ್ಮು, ಬ್ರೈಟು ಮತ್ತು ತುಕ್ಕು ಹಿಡಿದ ಒಂದು ಬೋಲ್ಟು

ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ಲಗ್ಗೆರೆಯ ರಿಂಗ್ ರಸ್ತೆ ಪಕ್ಕದ ವೈರಿಂಗ್ ಅಂಗಡಿಗೆ ನನ್ನ ಹಳೇ ಕಾರು ತೆಗೆದುಕೊಂಡು ಹೋದಾಗ ಜೇಬಿನಲ್ಲಿ ಹೊಸ ಬಲ್ಬಿತ್ತು. ಎಡಗಡೆ ಹೆಡ್‌ಲೈಟು ಸೀಮೆಎಣ್ಣೆ ಬುಡ್ಡಿಯ ಹಾಗೆ ಹಳದಿಯಾಗಿ ಉರಿಯುತ್ತಿತ್ತು. ಅದಕ್ಕೆಂದು ಒಮ್ಮೆ ಬಲ್ಬು ಬದಲಿಸಿಯೂ ಆಗಿತ್ತು, ಜೇಬಿನಲ್ಲಿದ್ದದ್ದು ಎರಡನೆಯದು. ಅಂಗಡಿಯ ಯಜಮಾನರು ಬಲ್ಬು ಮುಟ್ಟಲೇ ಇಲ್ಲ. ಇಂಜಿನ್ ಆನ್ ಮಾಡಿಸಿ, ಲೈಟು ಹಾಕಿಸಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಬಲ್ಬಿನ ಅರ್ತ್ ವೈರಿಗೂ ತಾಗಿಸಿದರು. ಸೊನ್ನೆಯ ಆಸುಪಾಸು ಇರಬೇಕಾದ ಕಡೆ 1.6 ವೋಲ್ಟ್ ತೋರಿಸಿತು.

"ಬಲ್ಬು ಚೆನ್ನಾಗೇ ಐತೆ ಸಾರ್. ಅರ್ತ್ ಸಿಗ್ತಿಲ್ಲ, ಅಷ್ಟೇ."

ಬಂಪರಿನ ಹಿಂದೆ, ಬಾಡಿಗೆ ಅರ್ತ್ ವೈರು ಕೂಡಿಸಿದ್ದ ಬೋಲ್ಟು ತುಕ್ಕು ಹಿಡಿದು ಕೂತಿತ್ತು. ಬಿಚ್ಚಿ, ಎಮರಿ ಪೇಪರಿನಲ್ಲಿ ಉಜ್ಜಿ, ಗ್ರೀಸ್ ಸವರಿ ಬಿಗಿ ಮಾಡಿದರು. ಲೈಟು ಬೆಳ್ಳಗಾಯಿತು.

ಬೆಳಕು ಮಂಕಾದರೆ ಬಲ್ಬಿನದೇ ತಪ್ಪು ಎಂಬುದು ನಮ್ಮಲ್ಲಿ ಬಲವಾಗಿ ಬೇರೂರಿದ ನಂಬಿಕೆ. ಬಲ್ಬಿಗೆ ಹೋದ ಕರೆಂಟು ಕಾರಿನ ಬಾಡಿಯ ಮೂಲಕವೇ ಬ್ಯಾಟರಿಗೆ ವಾಪಸಾಗಬೇಕು ಎಂಬುದನ್ನು ನಾವು ಮರೆತಿರುತ್ತೇವೆ. ಇಂಜಿನ್ ಓಡುವಾಗ ಸಿಗುವುದು ಸುಮಾರು 13.8 ವೋಲ್ಟ್. ಅದರಲ್ಲಿ 1.6 ತುಕ್ಕಿಗೇ ಖರ್ಚಾದರೆ ಬಲ್ಬಿಗೆ ಉಳಿಯುವುದು 12.2. ಕಳೆದದ್ದು ನೂರಕ್ಕೆ ಹನ್ನೆರಡರಷ್ಟು, ಬೆಳಕೂ ಅಷ್ಟೇ ಕಡಿಮೆಯಾಗುತ್ತದೆ ಎಂದುಕೊಂಡರೆ ಲೆಕ್ಕ ತಪ್ಪಿತು. ಹ್ಯಾಲೋಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ಅಂದರೆ ಮೂರರಲ್ಲಿ ಒಂದು ಪಾಲು ಬೆಳಕೇ ಮಾಯ.

ಹೀಗೆ ಮಂಕಾದಾಗ ಬಹಳಷ್ಟು ಜನ ಹಿಡಿಯುವ ದಾರಿ 100/90 ವ್ಯಾಟಿನ ಬಲ್ಬು. ಮೊದಲನೆಯದಾಗಿ, ನಮ್ಮ ರಸ್ತೆಗಳಲ್ಲಿ ಅದಕ್ಕೆ ಒಪ್ಪಿಗೆಯಿಲ್ಲ. ಎಚ್4 ಎಂಬ ಮಾದರಿಯ ಬಲ್ಬು ಎಂದರೆ 60/55, ಅಂದರೆ ಬ್ರೈಟಿಗೆ 60 ವ್ಯಾಟ್, ಡಿಮ್ಮಿಗೆ 55. ಇನ್ನು ಲೆಕ್ಕ ನೋಡಿ. 60 ವ್ಯಾಟಿನ ಎರಡು ಬಲ್ಬು 12 ವೋಲ್ಟಿನಲ್ಲಿ ಎಳೆಯುವುದು 10 ಆಂಪಿಯರ್, 100ರ ಎರಡು ಎಳೆಯುವುದು ಹದಿನಾರೂವರೆಗಿಂತ ಹೆಚ್ಚು. ವೈರು ಮಾತ್ರ ಹಳೆಯದೇ. ಕೆಲವು ದಿನಕ್ಕೆ ಫ್ಯೂಸ್ ಹೋಗುತ್ತದೆ. ಫ್ಯೂಸ್ ಇರುವುದು ಬಲ್ಬನ್ನು ಕಾಯಲು ಎಂದು ತಿಳಿದವರು ಅಲ್ಲಿಗೆ 30 ಆಂಪಿಯರಿನದು ಸಿಕ್ಕಿಸುತ್ತಾರೆ. ಫ್ಯೂಸ್ ಕಾಯುವುದು ವೈರನ್ನು. ದಪ್ಪ ಫ್ಯೂಸ್ ಹಾಕಿದ ದಿನದಿಂದ ಸುಟ್ಟುಹೋಗುವ ಸರದಿ ವೈರಿನದಾಗುತ್ತದೆ.

ಇಷ್ಟೊಂದು ಕರೆಂಟನ್ನು ಸ್ವಿಚ್ಚಿನ ಬದಲು ಹೊರುವ ರಿಲೇ ಬಗ್ಗೆ ಇಲ್ಲಿ ಒಂದು ಮಾತು. ಸ್ಟೀರಿಂಗ್ ಪಕ್ಕದ ಕಡ್ಡಿ ತಿರುಗಿಸಿದಾಗ ದೀಪದ ಕರೆಂಟೆಲ್ಲ ಆ ಕಡ್ಡಿಯೊಳಗೇ ಹರಿಯುತ್ತದೆಯೇ? ಎಷ್ಟೋ ಹಳೆಯ ಸಣ್ಣ ಕಾರುಗಳಲ್ಲಿ ಹೌದು. ಅವುಗಳ ಕಾಂಬಿನೇಷನ್ ಸ್ವಿಚ್ ಕರಗುವುದು ಅದಕ್ಕೇ. ರಿಲೇ ಇರುವ ಕಾರಿನಲ್ಲಿ ಸ್ವಿಚ್ಚಿನ ಮೂಲಕ ಹರಿಯುವುದು ಆಂಪಿಯರಿನ ಐದರಲ್ಲಿ ಒಂದು ಪಾಲಿನಷ್ಟು ಮಾತ್ರ. ಅಷ್ಟು ಕರೆಂಟು ರಿಲೇಯ 85 ಮತ್ತು 86 ಎಂಬ ಕಾಲುಗಳ ನಡುವಿನ ಸುರುಳಿಯನ್ನು ಅಯಸ್ಕಾಂತವಾಗಿಸುತ್ತದೆ, ಅದು ಪಟ್ಟಿಯೊಂದನ್ನು ಎಳೆದು 30 ಮತ್ತು 87ನ್ನು ಕೂಡಿಸುತ್ತದೆ. ಬಾನೆಟ್ಟಿನೊಳಗೆ ಕೇಳುವ 'ಟಿಕ್' ಅದೇ. ಈಚಿನ ಕಾರುಗಳಲ್ಲಿ ಸ್ವಿಚ್ಚು ಬರೀ ಸೂಚನೆ ಕೊಡುತ್ತದೆ. ಕೆಲಸ ಒಂದು ಪುಟ್ಟ ಕಂಪ್ಯೂಟರಿನದು. ಬಲ್ಬು ಎಳೆಯುವ ಕರೆಂಟಿನ ಮೇಲೂ ಅದು ಕಣ್ಣಿಟ್ಟಿರುತ್ತದೆ. ಅಂಥ ಕಾರಿಗೆ ಹೊರಗಿನಿಂದ ಎಲ್‌ಇಡಿ ಹಾಕಿಸಿದರೆ ದೀಪ ಮಿಣುಕುವುದು, ಡ್ಯಾಶ್‌ಬೋರ್ಡಿನಲ್ಲಿ 'ಬಲ್ಬು ಹೋಗಿದೆ' ಎಂಬ ಎಚ್ಚರಿಕೆ ಬರುವುದು ಈ ಕಾರಣಕ್ಕೆ.

ಡಿಮ್ ಅಂದರೆ ಬರೀ ಕಮ್ಮಿ ಬೆಳಕು ಎಂಬುದೂ ತಪ್ಪು. ವ್ಯಾಟಿನಲ್ಲಿ ವ್ಯತ್ಯಾಸ ಐದೇ. ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ (ಗಾಜು ಮುಟ್ಟಬೇಡಿ, ಬೆರಳಿನ ಜಿಡ್ಡು ಕೂತ ಜಾಗ ಅತಿಯಾಗಿ ಕಾದು ಬಲ್ಬು ಬೇಗ ಹೋಗುತ್ತದೆ, ಆ ನಂಬಿಕೆ ಮಾತ್ರ ನಿಜ). ಒಳಗೆ ಎರಡು ತಂತಿಸುರುಳಿ. ಡಿಮ್ಮಿನ ಸುರುಳಿಯ ಕೆಳಗೆ ಸಣ್ಣ ಚಮಚದಂಥ ತಗಡು. ಅದು ಪ್ರತಿಫಲಕದ ಕೆಳಭಾಗಕ್ಕೆ ಬೆಳಕು ತಾಗದಂತೆ ತಡೆಯುತ್ತದೆ. ಮೇಲ್ಭಾಗಕ್ಕೆ ಬಡಿದ ಬೆಳಕು ರಸ್ತೆಯ ಕಡೆಗೆ ಬಾಗುತ್ತದೆ. ತಗಡಿನ ಒಂದು ಅಂಚು ಓರೆಯಾಗಿರುವುದರಿಂದ ಎಡಬದಿಯ ಫುಟ್‌ಪಾತಿನ ಕಡೆ ಬೆಳಕು ತುಸು ಮೇಲೇರಿ, ಎದುರಿನವರ ಕಣ್ಣು ಉಳಿಯುತ್ತದೆ.

ಈ ಲೆಕ್ಕವೆಲ್ಲ ಸುರುಳಿ ಇರುವ ಜಾಗವನ್ನು ನಂಬಿಕೊಂಡಿದೆ. ಮಿಲಿಮೀಟರಿನಷ್ಟು ಆಚೀಚೆಯಾದರೂ ಕೆಟ್ಟಿತು. ಅದೇ ಹೋಲ್ಡರಿಗೆ ಎಲ್‌ಇಡಿ ಕೂಡಿಸಿದಾಗ ಬೆಳಕು ಹೊರಡುವ ಜಾಗವೂ ದಿಕ್ಕೂ ಬೇರೆಯಾಗಿ, ಚೆಲ್ಲಾಪಿಲ್ಲಿಯಾಗುತ್ತದೆ. ಬಾನೆಟ್ಟಿನ ಮುಂದೆ ಹತ್ತಡಿ ಬೆಳ್ಳಗೆ ಕಾಣುವುದರಿಂದ ಹಾಕಿಸಿದವರಿಗೆ ಖುಷಿ. ಎದುರು ಬರುವ ಬೈಕಿನವನಿಗೆ ಕತ್ತಲೆ. ಕಂಪನಿಯಿಂದಲೇ ಎಲ್‌ಇಡಿ ಬಂದ ಕಾರಿನ ಮಾತು ಬೇರೆ. ಅದರ ಪ್ರತಿಫಲಕವೂ ಮಸೂರವೂ ಅದಕ್ಕೆಂದೇ ಮಾಡಿದವು. ಕಣ್ಣು ಕುಕ್ಕುವ ದೀಪಗಳ ಮೇಲೆ 2024ರ ಜುಲೈನಿಂದ ಕರ್ನಾಟಕದ ಪೊಲೀಸರು ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ನಿನಡಿ ಕೇಸು ಹಾಕತೊಡಗಿದರು. ನನ್ನ ಮಟ್ಟಿಗೆ ಇದು ತಡವಾಗಿ ಬಂದ ಬುದ್ಧಿ.

ಹಿಂದೆ ಎದುರಿನವರ ಕಣ್ಣು ಕುಕ್ಕದಿರಲೆಂದು ಬೆಂಗಳೂರಿನ ಗಾಡಿಗಳ ಹೆಡ್‌ಲೈಟಿನ ನಡುವೆ ಕಪ್ಪು ಬೊಟ್ಟು ಇರುತ್ತಿದ್ದುದು ನೆನಪಿರಬಹುದು. ಬೆಳಕು ಹೊರಡುವುದು ಇಡೀ ಪ್ರತಿಫಲಕದಿಂದ. ನಡುವಿನ ಬೊಟ್ಟು ಒಟ್ಟು ಬೆಳಕನ್ನು ಒಂದಿಷ್ಟು ತಗ್ಗಿಸುತ್ತದೆಯೇ ಹೊರತು ಅದರ ದಿಕ್ಕು ಬದಲಿಸುವುದಿಲ್ಲ. ದೃಷ್ಟಿಬೊಟ್ಟಿನ ಕೆಲಸವನ್ನಂತೂ ಮಾಡಿರಬೇಕು.

ಹಗಲಲ್ಲಿ ಬೈಕಿನವರಿಗೆ ಬೆರಳು ಮುಚ್ಚಿ ತೆರೆದು 'ಲೈಟ್ ಆನ್ ಇದೆ' ಎಂದು ಸನ್ನೆ ಮಾಡುವ ಪುಣ್ಯಾತ್ಮರು ನಮ್ಮ ಬೀದಿಗಳಲ್ಲಿ ಇನ್ನೂ ಇದ್ದಾರೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ದೀಪ ಇಂಜಿನ್ ಜತೆಗೇ ಹತ್ತಬೇಕೆಂಬುದು ನಿಯಮ. ಅಂಥ ಬೈಕಿನಲ್ಲಿ ಆರಿಸಲು ಸ್ವಿಚ್ಚೇ ಇಲ್ಲ.

ಕೊನೆಗೆ, ಸ್ಟೀರಿಂಗಿನ ಬಲಗಡೆ ಅನೇಕ ಕಾರುಗಳಲ್ಲಿರುವ 0, 1, 2, 3 ಎಂಬ ಪುಟ್ಟ ಚಕ್ರ. 3ಕ್ಕೆ ಇಟ್ಟರೆ ಬೆಳಕು ಜಾಸ್ತಿ ಎಂದು ನಾನೂ ವರ್ಷಗಟ್ಟಲೆ ನಂಬಿದ್ದೆ, ಫ್ಯಾನಿನ ರೆಗ್ಯುಲೇಟರಿನ ಹಾಗೆ. ಅದು ದೀಪದೊಳಗಿನ ಸಣ್ಣ ಮೋಟರಿನಿಂದ ಪ್ರತಿಫಲಕವನ್ನು ಬಗ್ಗಿಸುತ್ತದೆ. 0 ಎಂದರೆ ಬೆಳಕು ಎಲ್ಲಕ್ಕಿಂತ ಮೇಲೆ, 3 ಎಂದರೆ ಎಲ್ಲಕ್ಕಿಂತ ಕೆಳಗೆ. ಡಿಕ್ಕಿಯಲ್ಲಿ ಭಾರ ಹೆಚ್ಚಾದರೆ ಕಾರಿನ ಮೂತಿ ಮೇಲೆದ್ದು, ಡಿಮ್ಮೂ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹಬ್ಬ ಮುಗಿಸಿ, ರಾಗಿಮೂಟೆ, ತೆಂಗಿನಕಾಯಿ, ಹಿಂದಿನ ಸೀಟಿನಲ್ಲಿ ಮೂವರನ್ನು ತುಂಬಿಕೊಂಡು ತುಮಕೂರು ರಸ್ತೆಯಲ್ಲಿ ರಾತ್ರಿ ವಾಪಸಾಗುವಾಗ, ಹೊರಡುವ ಮೊದಲು ಆ ಚಕ್ರವನ್ನು 2ಕ್ಕೋ 3ಕ್ಕೋ ತಿರುಗಿಸಿ.