ತೊನ್ನೇ ಬೇರೆ, ಕುಷ್ಠವೇ ಬೇರೆ

ಗಂಗಾವತಿಯ ಸುತ್ತಿನ ಹಳ್ಳಿಗಳಲ್ಲಿ ಮೈಮೇಲೆ ಬಿಳಿ ಮಚ್ಚೆ ಕಂಡರೆ ‘ತೊನ್ನು’ ಎನ್ನುತ್ತಾರೆ; ಕೂಡಿಬಂದ ಸಂಬಂಧ ಮುರಿದುಬೀಳುವುದೂ ಉಂಟು. ಇಲ್ಲಿ ಕಾಡುವುದು ರೋಗಕ್ಕಿಂತ ಹೆಸರು. ಹಿಂದಿನಿಂದಲೂ ಕನ್ನಡದಲ್ಲಿ ತೊನ್ನು ಎಂದರೆ ಕುಷ್ಠವೂ ಹೌದು. ಸಂಸ್ಕೃತದ ‘ಕುಷ್ಠ’ವಂತೂ ಇನ್ನೂ ದೊಡ್ಡ ಚೀಲ: ಚರಕಸಂಹಿತೆ ಅದರಲ್ಲಿ 18 ಬಗೆ ಎಣಿಸಿ ಕಜ್ಜಿ, ಗಜಕರ್ಣಗಳನ್ನೂ ತುಂಬಿದೆ, ಬಿಳಿ ಮಚ್ಚೆಯನ್ನು ಮಾತ್ರ ‘ಶ್ವಿತ್ರ’ವೆಂದು ಬೇರೆ ಇಟ್ಟಿದೆ.

ತೊನ್ನಿನಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗುತ್ತವೆ, ಅಷ್ಟೆ. ಮಚ್ಚೆ ಹಾಲಿನಂತೆ ಬೆಳ್ಳಗಿದ್ದರೂ ಮುಟ್ಟಿದ್ದು ತಿಳಿಯುತ್ತದೆ, ಯಾರಿಗೂ ಅಂಟುವುದಿಲ್ಲ. ಮುಲಾಮು, ಬೆಳಕಿನ ಚಿಕಿತ್ಸೆಗಳಿಂದ ಹಲವರಿಗೆ ಬಣ್ಣ ಮರಳುತ್ತದೆ. ಕುಷ್ಠಕ್ಕಾದರೋ 1873ರಲ್ಲಿ ಹ್ಯಾನ್ಸನ್ ಕಂಡ ರೋಗಾಣು ಕಾರಣ. ಅದರ ಮಚ್ಚೆ ಮಸುಕು. ಸ್ಪರ್ಶ ಸರಿಯಾಗಿ ತಿಳಿಯದು. ಅದೂ 6ರಿಂದ 12 ತಿಂಗಳ ಗುಳಿಗೆಗಳಿಂದ ವಾಸಿಯಾಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆಯಾಗಿ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿಸಿದ್ದ ಕಲಮನ್ನು ಸಂಸತ್ತು 2019ರಲ್ಲಿ ಕಿತ್ತುಹಾಕಿತು. ಹಿಂದೂ ವಿವಾಹ ಕಾಯ್ದೆಯ ಆ ಪಟ್ಟಿಯಲ್ಲಿ ತೊನ್ನು ಎಂದೂ ಇರಲಿಲ್ಲ.